ಕಾರವಾರದ ದ್ವೀಪದಲ್ಲಿ ಮುಂಬಯಿಗಾಗಿ ಕಾದವರು



ನೀವು ಮುಂಬಯಿಯವರಾದರೆ ಚಳಿಗಾಲದ ಒಂದು ಭಾನುವಾರ ಸಂಜೆ ಅಪೋಲೋ ಬಂದರಿನ ಕಟ್ಟೆಯ ಹತ್ತಿರ ನಿಂತು ನೋಡಿ. ಎಲಿಫೆಂಟಾಕ್ಕೆ ಹೋಗಿಬರುವ ದೋಣಿಗಳ ಆಚೆ ಸಿರಿವಂತರ ಖಾಸಗಿ ಮೋಟಾರ್ ಯಾಟ್‌ಗಳು ಬೆಳ್ಳಗೆ ಸಾಲಾಗಿ ನಿಂತಿರುತ್ತವೆ. ಉಬ್ಬರ ಹೋಗಿ ಇಳಿತ ಶುರುವಾದರೆ ಅಷ್ಟೂ ನೌಕೆಗಳು ಯಾರೋ ಅಪ್ಪಣೆ ಕೊಟ್ಟಂತೆ ಒಟ್ಟಿಗೇ ಮುಖ ತಿರುಗಿಸುತ್ತವೆ. ಜೂನ್ ತಿಂಗಳಲ್ಲಿ ಅಲ್ಲಿಗೆ ಹೋದರೆ ಅವುಗಳಲ್ಲಿ ಬಹುಪಾಲು ಇರುವುದಿಲ್ಲ. ದಡಕ್ಕೆತ್ತಿ, ಟಾರ್ಪಾಲು ಹೊದಿಸಿ ಮಲಗಿಸಿರುತ್ತಾರೆ. ಎಂಜಿನ್ ಎಷ್ಟೇ ಅಶ್ವಶಕ್ತಿಯದ್ದಾಗಲಿ, ನಮ್ಮ ಪಡುವಣ ಕರಾವಳಿಯಲ್ಲಿ ಲಂಗರು ಹಾಕುವವರು ಮಳೆಗಾಲಕ್ಕೆ ತಲೆಬಾಗಲೇಬೇಕು.

ಲಂಗರು ಬರೀ ತನ್ನ ಭಾರದಿಂದ ಹಡಗನ್ನು ಹಿಡಿದಿಡುತ್ತದೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಹಾಗಲ್ಲ. ಅದರ ಕೊಕ್ಕೆ ತಳದ ಕೆಸರು ಅಥವಾ ಮರಳಿನಲ್ಲಿ ನಾಟಿಕೊಳ್ಳಬೇಕು. ಅದಕ್ಕಾಗಿ ನೀರಿನ ಆಳದ ನಾಲ್ಕೈದು ಪಟ್ಟು ಉದ್ದದ ಸರಪಳಿ ಬಿಡುತ್ತಾರೆ, ಸರಪಳಿ ತಳದಲ್ಲಿ ಮಲಗಿದಂತೆ ಬಿದ್ದಿದ್ದರೆ ಎಳೆತ ಅಡ್ಡಡ್ಡವಾಗಿ ಬಂದು ಕೊಕ್ಕೆ ಇನ್ನಷ್ಟು ಆಳಕ್ಕಿಳಿಯುತ್ತದೆ. ತಳ ಬರೀ ಬಂಡೆಯಾದರೆ ಹಿಡಿತವಿಲ್ಲ. ಇದರ ಜೊತೆಗೆ ಗಾಳಿಗೂ ಅಲೆಗೂ ಅಡ್ಡವಾಗಿ ಒಂದು ಮರೆ ಬೇಕು. ದ್ವೀಪಗಳ ಬೆಲೆ ಇರುವುದು ಇಲ್ಲೇ. ಇಂದಿನ ಯಾಟ್‌ನಲ್ಲಿ ಸಿಹಿನೀರಿನ ಟ್ಯಾಂಕು, ಫ್ರಿಜ್ಜು ಎಲ್ಲ ಇರುತ್ತವೆ. ಹಿಂದಿನ ಹಾಯಿಹಡಗಿನವರು ಮರೆಯ ಜೊತೆಗೆ ಕುಡಿಯುವ ನೀರನ್ನೂ ಹುಡುಕಬೇಕಿತ್ತು.

ಎರಡೂ ಒಂದೇ ಕಡೆ ಸಿಗುವ ಜಾಗ ಕಾರವಾರದ ತುಸು ದಕ್ಷಿಣಕ್ಕೆ, ಬಿಣಗಾದ ಎದುರಿಗಿದೆ. ಅದೇ ಅಂಜದೀವ. ತೆಳ್ಳಗೆ, ಉದ್ದಕ್ಕೆ, ಕರಾವಳಿಗೆ ತಡೆಗೋಡೆ ಕಟ್ಟಿದಂತೆ ಮಲಗಿರುವ ದ್ವೀಪ. ಕಾರವಾರದ ಮಗ್ಗುಲಲ್ಲೇ ಇದ್ದರೂ ಆಡಳಿತದ ಲೆಕ್ಕದಲ್ಲಿ ಇದು ಗೋವಾಕ್ಕೆ ಸೇರಿದ್ದು. ಅಂಕೋಲೆಯ ಆರ್ಯಾದುರ್ಗಾ ದೇವಿಯ ಮೂಲಸ್ಥಾನ ಇದೇ ಎಂದು ಭಕ್ತರು ನಂಬುತ್ತಾರೆ.

ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಾಗಿದ ಇಬ್ನ್ ಬತೂತಾ, ಗೋವಾ ದಾಟಿದ ಮೇಲೆ ದಡದ ಹತ್ತಿರದ ಒಂದು ಸಣ್ಣ ದ್ವೀಪದಲ್ಲಿ ಲಂಗರು ಹಾಕಿದ್ದನ್ನು ಬರೆದಿದ್ದಾನೆ. ಅಲ್ಲೊಂದು ಗುಡಿ, ತೋಟ, ನೀರಿನ ಕೊಳ ಇದ್ದವಂತೆ. ವಿಗ್ರಹಗಳ ನಡುವೆ ಗೋಡೆಗೊರಗಿ ಕುಳಿತಿದ್ದ ಜೋಗಿಯೊಬ್ಬ ಮಾತಾಡಲಿಲ್ಲ, ಕೊಟ್ಟ ಹಣವನ್ನೂ ಮುಟ್ಟಲಿಲ್ಲ. ಈ ದ್ವೀಪ ಅಂಜದೀವವೇ ಇರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಗುಡಿ ಮತ್ತು ಕೊಳದ ವಿವರ ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ.

ಏಕೆಂದರೆ 1498ರ ಸೆಪ್ಟೆಂಬರಿನಲ್ಲಿ ವಾಸ್ಕೋ ಡ ಗಾಮನ ಜನರು ಕಂಡದ್ದೂ ಅದನ್ನೇ. ಕಲ್ಲಿಕೋಟೆಯ ಸಾಮೂದಿರಿಯೊಡನೆ ಮನಸ್ತಾಪ ಮಾಡಿಕೊಂಡು ಹೊರಟಿದ್ದ ಗಾಮನ ಹಡಗುಗಳು ಅಂಜದೀವದ ಮರೆಗೆ ಬಂದು ನಿಂತವು. ಕೆತ್ತಿದ ಕಲ್ಲಿನ ಕೊಳ, ಪಾಳುಬಿದ್ದ ಗುಡಿ, ಅದರೊಳಗೆ ಪೂಜೆಗೊಳ್ಳುತ್ತಿದ್ದ ಮೂರು ಕರಿಯ ಕಲ್ಲುಗಳು ಅವರ ದಿನಚರಿಯಲ್ಲಿ ದಾಖಲಾಗಿವೆ. ದಡದ ಜನ ಮೀನು, ಸೌತೆಕಾಯಿ ತಂದುಕೊಟ್ಟರು. ಹಡಗುಗಳನ್ನು ಮರಳಿನ ಮೇಲೆ ವಾಲಿಸಿ ತಳ ಕೆರೆದು ರಿಪೇರಿ ಮಾಡಿದರು. (ಉಡುಪಿಯ ಕಡೆಯವರು ಗಾಮ ಸೇಂಟ್ ಮೇರೀಸ್ ದ್ವೀಪಕ್ಕೆ ಬಂದಿದ್ದ ಕಥೆ ಹೇಳುತ್ತಾರೆ. ಅವರಿಗೆ ಬೇಸರವಾಗದಿರಲಿ, ಆದರೆ ತಂಗುದಾಣವಾಗಿ ಇಷ್ಟು ವಿವರವಾಗಿ ದಾಖಲೆಯಲ್ಲಿ ಸಿಗುವುದು ಅಂಜದೀವ.)

ಗಾಮ ಅಲ್ಲಿಂದ ಹೊರಟದ್ದು ಅಕ್ಟೋಬರ್ 5ರಂದು. ಆಫ್ರಿಕಾದ ಕಡೆ ತಳ್ಳುವ ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಬರುವಾಗ ಮೂರು ವಾರದಲ್ಲಿ ದಾಟಿದ್ದ ಸಮುದ್ರವನ್ನು ಮರಳುವಾಗ ದಾಟಲು ಮೂರು ತಿಂಗಳು ಹಿಡಿಯಿತು. ಸ್ಕರ್ವಿ ರೋಗಕ್ಕೆ ಸುಮಾರು ಮೂವತ್ತು ಮಂದಿ ಬಲಿಯಾದರು. ಕೆಲವು ವಾರ ಅದೇ ಕೊಳದ ನೀರು ಕುಡಿಯುತ್ತ ಕಾದಿದ್ದರೆ ಅವರಲ್ಲಿ ಎಷ್ಟೋ ಮಂದಿ ಉಳಿಯುತ್ತಿದ್ದರೇನೋ.

1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಡಾ ಇಲ್ಲಿ ಒಂದು ಕೋಟೆ ಎಬ್ಬಿಸಿದ. ಅದು ಬಹಳ ದಿನ ನಿಲ್ಲಲಿಲ್ಲ, ಅವರೇ ಕೈಬಿಟ್ಟರು.

ಈಗ ಮುಂಬಯಿಯ ಪಾಲಿನ ಕಥೆಗೆ ಬರೋಣ. 1661ರ ಮದುವೆಯ ಒಪ್ಪಂದದಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಜೊತೆ ಮುಂಬಯಿ ದ್ವೀಪವೂ ಬಳುವಳಿಯಾಗಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್‌ಗೆ ಸಿಕ್ಕಿತೆಂದು ಶಾಲೆಯಲ್ಲಿ ಓದಿದ್ದೀರಿ. ಆ ಪಾಠ ಅಲ್ಲಿಗೇ ನಿಲ್ಲುತ್ತದೆ. ಬಳುವಳಿಯನ್ನು ಪಡೆಯಲು ಸರ್ ಅಬ್ರಹಾಂ ಶಿಪ್‌ಮನ್ ಸುಮಾರು 400 ಸೈನಿಕರೊಡನೆ 1662ರಲ್ಲಿ ಮುಂಬಯಿ ತಲುಪಿದಾಗ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲವೆಂದು ತಕರಾರು ತೆಗೆದು ಕೊಡಲೊಪ್ಪಲಿಲ್ಲ. ಸೂರತ್ತಿಗೆ ಹೋದರೆ ಅಲ್ಲಿದ್ದ ಕಂಪನಿಯವರಿಗೆ ಮೊಗಲ್ ಅಧಿಕಾರಿಗಳ ಭಯ, ಅವರೂ ಇಳಿಯಗೊಡಲಿಲ್ಲ. ಕೊನೆಗೆ ಸೈನಿಕರನ್ನು ತಂದು ಇಳಿಸಿದ್ದು ಅಂಜದೀವದಲ್ಲಿ. ಹಡಗುಗಳ ನಾಯಕ ಮಾರ್ಲ್‌ಬರೋ ಪ್ರಭು ಇಂಗ್ಲೆಂಡಿಗೆ ಮರಳಿದ.

ಹಡಗಿನವರಿಗೆ ಕೆಲವು ದಿನ ನಿಂತು, ನೀರು ತುಂಬಿಕೊಂಡು ಹೊರಡಲು ಒಳ್ಳೆಯ ಜಾಗ ಅದು. ನೂರಾರು ಜನ ವರ್ಷಗಟ್ಟಲೆ ಬದುಕುವ ಜಾಗವಲ್ಲ. ಕರಾವಳಿಯ ಮಳೆಗಾಲ ಹೇಗಿರುತ್ತದೆಂದು ಉತ್ತರ ಕನ್ನಡದವರಿಗೆ ನಾನು ಹೇಳಬೇಕಿಲ್ಲ. ಅದನ್ನು ಎಂದೂ ಕಾಣದವರು ಆ ಬಂಡೆಯ ಮೇಲೆ ಕುಳಿತು ಮುಂಬಯಿಯಿಂದ, ಗೋವಾದಿಂದ, ಲಂಡನ್ನಿನಿಂದ ಬರಬೇಕಾದ ಪತ್ರಗಳಿಗಾಗಿ ಕಾದರು. ರೋಗಗಳು ಶುರುವಾದವು. 1664ರಲ್ಲಿ ಶಿಪ್‌ಮನ್ ಅಲ್ಲೇ ತೀರಿಕೊಂಡ. ಅವನ ಕಾರ್ಯದರ್ಶಿ ಹಂಫ್ರಿ ಕುಕ್ ಪೋರ್ಚುಗೀಸರು ಹೇಳಿದ ಷರತ್ತುಗಳಿಗೆಲ್ಲ ಒಪ್ಪಿ 1665ರ ಫೆಬ್ರವರಿಯಲ್ಲಿ ಮುಂಬಯಿಯನ್ನು ವಹಿಸಿಕೊಂಡ. ಆಗ ಆ ಪಡೆಯಲ್ಲಿ ಉಳಿದಿದ್ದವರು ಹೆಚ್ಚುಕಡಿಮೆ ನೂರು ಮಂದಿ. ಮಿಕ್ಕವರ ಗೋರಿ ನಮ್ಮ ಕಾರವಾರದ ಎದುರಿಗಾಯಿತು. ಇಷ್ಟು ಜೀವ ತೆತ್ತು ಪಡೆದ ಮುಂಬಯಿಯನ್ನು ಮೂರೇ ವರ್ಷದಲ್ಲಿ, 1668ರಲ್ಲಿ, ದೊರೆ ವರ್ಷಕ್ಕೆ ಹತ್ತು ಪೌಂಡ್ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ! ಮುಂಬಯಿಯಲ್ಲಿ ಕಂಪನಿಯ ಗವರ್ನರುಗಳ ಹೆಸರು ಹೊತ್ತ ಜಾಗಗಳನ್ನು ನೋಡುವಾಗ, ಯಾರ ನೆನಪಿಗೂ ಬಾರದ ಈ ಸಿಪಾಯಿಗಳು ನನ್ನ ತಲೆಯಲ್ಲಿ ಸುಳಿದುಹೋಗುತ್ತಾರೆ.

ಪೋರ್ಚುಗೀಸರು 1682ರಲ್ಲಿ ದ್ವೀಪಕ್ಕೆ ಮತ್ತೆ ಕೋಟೆ ಕಟ್ಟಿಕೊಂಡರು. ಅವರ ಬಾವುಟ ಅಲ್ಲಿ 1961ರವರೆಗೆ ಹಾರಿತು. ಆ ವರ್ಷದ ನವೆಂಬರಿನಲ್ಲಿ ಹತ್ತಿರ ಸಾಗುತ್ತಿದ್ದ ‘ಸಾಬರಮತಿ’ ಎಂಬ ಪ್ರಯಾಣಿಕ ಹಡಗಿನ ಮೇಲೆ ದ್ವೀಪದಿಂದ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಮೀನುಗಾರರೊಬ್ಬರು ಗುಂಡಿಗೆ ಬಲಿಯಾದರು. ಡಿಸೆಂಬರ್ 18ರಂದು ಐಎನ್‌ಎಸ್ ತ್ರಿಶೂಲ್‌ನಿಂದ ನಮ್ಮ ನಾವಿಕರು ದೋಣಿಗಳಲ್ಲಿ ದಡಕ್ಕೆ ಇಳಿದರು, ಜೊತೆಗಿದ್ದ ಐಎನ್‌ಎಸ್ ಮೈಸೂರು ದ್ವೀಪದತ್ತ ಫಿರಂಗಿ ಹಾರಿಸಿತು. ನಮ್ಮ ಏಳು ನಾವಿಕರು ಆ ದ್ವೀಪಕ್ಕಾಗಿ ಪ್ರಾಣ ಕೊಟ್ಟರು.

ಈಗ ಅಂಜದೀವ ನೌಕಾಪಡೆಯ ವಶದಲ್ಲಿದೆ. 2005ರಲ್ಲಿ ಶುರುವಾದ ಐಎನ್‌ಎಸ್ ಕದಂಬ ನೆಲೆ ಅದರ ಮಡಿಲಲ್ಲೇ ಇದೆ. ಐನೂರು ವರ್ಷದ ಹಿಂದೆ ಹಡಗಿನವರಿಗೆ ಹಿಡಿಸಿದ ಅದೇ ಮರೆ ಇಂದು ಯುದ್ಧನೌಕೆಗಳಿಗೂ ಹಿಡಿಸಿದೆ. ಹಾಗಾಗಿ ನಿಮ್ಮಲ್ಲಿ ಯಾರಾದರೂ ಸ್ವಂತ ಯಾಟ್ ಇಟ್ಟುಕೊಂಡಿದ್ದರೂ ಅಲ್ಲಿ ಲಂಗರು ಹಾಕುವಂತಿಲ್ಲ, ಇಗರ್ಜಿಯ ಹಬ್ಬಕ್ಕೆ ಹೋಗುತ್ತಿದ್ದ ಗೋವಾದ ಭಕ್ತರ ಯಾತ್ರೆಯೂ ನಿಂತಿದೆ.

ರಜೆಗೆ ಊರಿಗೆ ಹೋದಾಗ ಕಾರವಾರದ ಕಡಲತೀರದಿಂದ ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ದೇವಗಡದ ದೀಪಸ್ತಂಭ ಕಾಣುತ್ತದೆ, 1864ರಿಂದ ಹಡಗುಗಳಿಗೆ ದಾರಿ ತೋರುತ್ತಿದೆ. ಅದರ ಬಳಿಯ ಕೂರ್ಮಗಡದಲ್ಲಿ ಪ್ರತಿವರ್ಷ ಜನವರಿಯ ಸುಮಾರಿಗೆ ನರಸಿಂಹನ ಜಾತ್ರೆ. ಆ ದಿನ ಮೀನುಗಾರರ ದೋಣಿಗಳು ದ್ವೀಪದ ಸುತ್ತ ಕಿಕ್ಕಿರಿದು ಲಂಗರು ಹಾಕುತ್ತವೆ. ಹೋಗುವುದಾದರೆ ಲೈಫ್ ಜಾಕೆಟ್ ಕೊಡುವ, ಮಿತಿ ಮೀರಿ ಜನ ತುಂಬದ ದೋಣಿಯನ್ನೇ ಹತ್ತಿ. 2019ರ ಜನವರಿಯಲ್ಲಿ ಅದೇ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಜನ ಸತ್ತರು. ಅದು ಮಳೆಗಾಲವೂ ಆಗಿರಲಿಲ್ಲ.