ಅರಿಸಿನದ ಅರಿವು ಯಾರ ಸೊತ್ತು?



ಅರಿಸಿನವಿಲ್ಲದೆ ನಮ್ಮಲ್ಲಿ ಅಡುಗೆಯೂ ಇಲ್ಲ, ಮಂಗಳಕಾರ್ಯವೂ ಇಲ್ಲ. ಮಗು ಎಡವಿ ಬಿದ್ದು ಮೊಣಕಾಲು ತರಚಿಕೊಂಡರೆ ತಾಯಿಯ ಕೈ ಮೊದಲು ಹೋಗುವುದು ಅರಿಸಿನದ ಭರಣಿಯ ಕಡೆಗೆ. ಪ್ರಸಾದನಿಲಯದಲ್ಲಿ ಓದಿ ಬೆಳೆದ ನಿಮ್ಮಲ್ಲಿ ಹಲವರಿಗೆ, ಆಟದಲ್ಲಿ ಬಿದ್ದು ಬಂದಾಗ ಅಡುಗೆಮನೆಯ ಹಿರಿಯರು ಗಾಯಕ್ಕೆ ಒತ್ತಿದ ಅರಿಸಿನದ ಉರಿ ಇಂದಿಗೂ ನೆನಪಿರಬಹುದು. ಅವರಿಗೆ ಈ ಉಪಚಾರವನ್ನು ಕಲಿಸಿದವರಾರು? ಅವರ ತಾಯಂದಿರು. ಆ ತಾಯಂದಿರಿಗೆ ಕಲಿಸಿದವರು ಅವರ ತಾಯಂದಿರು. ಹೀಗೆ ಕೈಯಿಂದ ಕೈಗೆ ಹರಿದುಬಂದ ಅರಿವಿಗೆ ಒಬ್ಬ ಒಡೆಯನಿರಲು ಸಾಧ್ಯವೇ? ಈ ಪ್ರಶ್ನೆ ಬರಿಯ ತರ್ಕದ್ದಲ್ಲ. 1995ರಲ್ಲಿ ಅದು ನಮ್ಮ ದೇಶದ ಮುಂದೆ ನಿಜವಾಗಿಯೇ ಬಂದು ನಿಂತಿತು.

ಅದಕ್ಕೆ ಮೊದಲು ಹಿಂದಿನ ಮಾತನ್ನು ಕೊಂಚ ನೋಡೋಣ. ಅರಿಸಿನದ ಗಿಡವು ಬೀಜದಿಂದ ಹುಟ್ಟುವುದಲ್ಲ. ಗಡ್ಡೆಯನ್ನು ನೆಟ್ಟೇ ಬೆಳೆಸಬೇಕು. ಆದುದರಿಂದ ಅದು ದೂರದ ನಾಡುಗಳಿಗೆ ಹೋದದ್ದು ಮನುಷ್ಯನ ಕೈಯಿಂದಲೇ. ಒಬ್ಬರು ಮತ್ತೊಬ್ಬರಿಗೆ ಕೊಟ್ಟುದರಿಂದ ಬಾಳಿದ ಬೆಳೆಯಿದು. ಸಂಸ್ಕೃತದಲ್ಲಿ ಇದಕ್ಕೆ ಹರಿದ್ರಾ, ಕಾಂಚನೀ, ರಜನೀ, ನಿಶಾ ಮೊದಲಾದ ಹೆಸರುಗಳಿವೆ. ಚರಕಸಂಹಿತೆಯು ಇದನ್ನು ಚರ್ಮರೋಗಗಳನ್ನು ಕಳೆಯುವ ಹಾಗೂ ವಿಷವನ್ನು ಹರಿಸುವ ದ್ರವ್ಯಗಳ ಗುಂಪುಗಳಲ್ಲಿ ಎಣಿಸಿದೆ. ಸುಶ್ರುತಸಂಹಿತೆಯಲ್ಲಿ ಹರಿದ್ರಾದಿ ಎಂಬ ಗಣವೇ ಉಂಟು. ಮನೆಯ ತಾಯಂದಿರು ಈ ಗ್ರಂಥಗಳನ್ನು ಓದಿರಲಿಲ್ಲ. ಓದುವ ಅಗತ್ಯವೂ ಅವರಿಗೆ ಬೀಳಲಿಲ್ಲ.

ಇನ್ನು ಮುಖ್ಯ ಸಂಗತಿಗೆ ಬರೋಣ. 1995ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಪೇಟೆಂಟ್ ಕಚೇರಿಯು ಅಲ್ಲಿಯ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ನೀಡಿತು. ಅದರ ವಿಷಯ, ಗಾಯ ಮಾಯಿಸಲು ಅರಿಸಿನವನ್ನು ಬಳಸುವ ವಿಧಾನ! ಅದನ್ನು ಕೋರಿದ ಸಂಶೋಧಕರಿಬ್ಬರೂ ಭಾರತೀಯ ಮೂಲದವರೇ ಆಗಿದ್ದುದು ಇನ್ನೊಂದು ಸೋಜಿಗ. ನಮ್ಮ ಅಡುಗೆಮನೆಯ ಮದ್ದು ಅಲ್ಲಿ ಹೊಸ ಆವಿಷ್ಕಾರವೆನಿಸಿತು.

ಇದು ಹೇಗೆ ಸಾಧ್ಯವಾಯಿತೆಂದು ನೀವು ಕೇಳಬಹುದು. ಅಂದಿನ ಅಮೆರಿಕದ ಕಾನೂನಿನಂತೆ, ಹೊರದೇಶದಲ್ಲಿ ಒಂದು ವಿದ್ಯೆ ಬಳಕೆಯಲ್ಲಿದೆಯೆಂದ ಮಾತ್ರಕ್ಕೆ ಅದು ಹಳೆಯದೆನಿಸುತ್ತಿರಲಿಲ್ಲ. ಎಲ್ಲಿಯಾದರೂ ಅಚ್ಚಾಗಿ ಪ್ರಕಟವಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಕೋಟಿ ತಾಯಂದಿರ ಅನುಭವ ಸಾಕ್ಷಿಯಾಗಲಿಲ್ಲ, ಒಂದು ಹಾಳೆಯ ಬರಹ ಸಾಕ್ಷಿಯಾಗುತ್ತಿತ್ತು. ನಮ್ಮ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು ಡಾ. ಆರ್. ಎ. ಮಾಶೇಲಕರ್ ಅವರ ನೇತೃತ್ವದಲ್ಲಿ 1996ರಲ್ಲಿ ಈ ಪೇಟೆಂಟನ್ನು ಪ್ರಶ್ನಿಸಿತು. ಸಂಸ್ಕೃತ, ಹಿಂದಿ, ಉರ್ದು ಬರಹಗಳೂ ಸೇರಿದಂತೆ 32 ಆಧಾರಗಳನ್ನು ಹುಡುಕಿ ಮುಂದಿಟ್ಟಿತು. ಅವುಗಳಲ್ಲಿ ನೂರು ವರ್ಷಕ್ಕೂ ಹಿಂದಿನವಿದ್ದವು. ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾದ ಒಂದು ಲೇಖನವೂ ಇದ್ದಿತು. 1997ರ ಆಗಸ್ಟ್‌ನಲ್ಲಿ ಪೇಟೆಂಟ್ ಕಚೇರಿಯು ಆ ಹಕ್ಕುಗಳನ್ನು ತಳ್ಳಿಹಾಕಿತು. 1998ರಲ್ಲಿ ಪ್ರಕರಣ ಮುಗಿಯಿತು. ಮುಂದೆ 2001ರಲ್ಲಿ, ಆಯುರ್ವೇದಾದಿ ಗ್ರಂಥಗಳ ಯೋಗಗಳನ್ನು ಐದು ಅಂತರರಾಷ್ಟ್ರೀಯ ಭಾಷೆಗಳಲ್ಲಿ ಸಂಗ್ರಹಿಸುವ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕಾರ್ಯ ಆರಂಭವಾಯಿತು.

ಗೆದ್ದೆವೆಂದು ಬೀಗುವುದಕ್ಕೆ ಮಾತ್ರ ಈ ಕಥೆಯಲ್ಲ. ಅರಿಸಿನದ ವಿಷಯದಲ್ಲಿ ಬರಹವಿದ್ದಿತು, ಗೆದ್ದೆವು. ಬರಹವಿಲ್ಲದ ವಿದ್ಯೆಗಳ ಗತಿಯೇನು? ಚಾಲುಕ್ಯರ ಕಾಲದಲ್ಲಿಯೇ ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ಜನರ ಮದ್ದನ್ನು ಜನರ ನುಡಿಯಲ್ಲಿ ಬರೆದಿಡುವ ಆ ಸತ್ಪರಂಪರೆಯನ್ನು ನಾವು ಮರೆತಂತಿದೆ.

ಅರಿವನ್ನು ಕಾಯುವುದೆಂದರೆ ಅದನ್ನು ಹೊಗಳುತ್ತ ಕೂಡುವುದಲ್ಲ, ಪರೀಕ್ಷಿಸುವುದೂ ಹೌದು. ಅರಿಸಿನದ ಹಳದಿ ಸತ್ತ್ವವಾದ ಕರ್ಕ್ಯುಮಿನ್ ಅನ್ನು ಯುರೋಪಿನ ವಿಜ್ಞಾನಿಗಳು 1815ರಲ್ಲಿಯೇ ಬೇರ್ಪಡಿಸಿದ್ದರು. ಅದು ಉರಿಯೂತವನ್ನು ತಗ್ಗಿಸಬಲ್ಲದೆಂದು ಪ್ರಯೋಗಗಳು ತೋರಿಸಿವೆ. ಆದರೆ ದೇಹವು ಅದನ್ನು ಬಹಳ ಕಡಿಮೆ ಹೀರಿಕೊಳ್ಳುತ್ತದೆ. ಮೆಣಸಿನ ಕಾಳಿನ ಸತ್ತ್ವವನ್ನು ಕೂಡಿಸಿದರೆ ಹೀರಿಕೆ ಹಲವು ಪಟ್ಟು ಹೆಚ್ಚುವುದೆಂದು 1998ರಲ್ಲಿ ಬೆಂಗಳೂರಿನ ವೈದ್ಯ ವಿಜ್ಞಾನಿಗಳೇ ಪ್ರಕಟಿಸಿದರು. ನಮ್ಮ ಮೆಣಸಿನ ಸಾರಿನಲ್ಲಿ ಇವೆರಡೂ ಎಂದಿನಿಂದಲೂ ಜೊತೆಯಾಗಿಯೇ ಇವೆ! ನೆಗಡಿ, ಗಂಟಲುನೋವುಗಳಲ್ಲಿ ಅರಿಸಿನ ಮೆಣಸು ಬೆರೆಸಿದ ಬಿಸಿಹಾಲು ಹಿತವಾದುದು. ಆದರೆ ಅರಿಸಿನವೇ ಸರ್ವರೋಗಕ್ಕೂ ಮದ್ದೆಂದು ನಂಬಿ ಕೆಡಬೇಡಿ. ಆಳವಾದ ಗಾಯ, ತುಕ್ಕು ಕಬ್ಬಿಣದ ಗಾಯ, ಹಾವಿನ ಕಡಿತಗಳಿಗೆ ಆಸ್ಪತ್ರೆಯೇ ದಾರಿ. ಹಸುಗೂಸಿನ ಹೊಕ್ಕುಳಿಗೆ ಅರಿಸಿನ ಹಚ್ಚಬಾರದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ಪಿತ್ತಕೋಶದಲ್ಲಿ ಕಲ್ಲುಳ್ಳವರೂ ವೈದ್ಯರನ್ನು ಕೇಳದೆ ಇದರ ಮಾತ್ರೆಗಳನ್ನು ನುಂಗಬಾರದು. ಬಣ್ಣಕ್ಕಾಗಿ ಪುಡಿಯಲ್ಲಿ ಸೀಸದ ವಿಷವನ್ನು ಬೆರೆಸುವ ಲೋಭಿಗಳೂ ಇದ್ದಾರೆ; ಆದುದರಿಂದ ಕೊಂಬನ್ನೇ ನೋಡಿ ಕೊಂಡು, ಮನೆಯಲ್ಲಿ ಕುಟ್ಟಿಕೊಳ್ಳುವುದು ಮೇಲು.

ಶರಣರು ನಮಗೆ ಕಲಿಸಿದ ದಾಸೋಹ ಅನ್ನಕ್ಕಷ್ಟೇ ಸೀಮಿತವಲ್ಲ, ಅರಿವಿಗೂ ಸಲ್ಲುತ್ತದೆ. ಅರಿವನ್ನು ಬಚ್ಚಿಟ್ಟು ಬೆಲೆ ಕಟ್ಟುವುದು ಸಲ್ಲದು. ಅಲಕ್ಷ್ಯದಿಂದ ಅಳಿಯಗೊಡುವುದೂ ಸಲ್ಲದು. ಈ ಲೇಖನವನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಮಾತು. ಮುಂದಿನ ಬಾರಿ ಊರಿಗೆ ಹೋದಾಗ ನಿಮ್ಮ ಅಜ್ಜಿಯ, ತಾಯಿಯ ಬಳಿ ಒಂದು ಗಳಿಗೆ ಕುಳಿತು, ಅವರು ಬಲ್ಲ ಮದ್ದುಗಳನ್ನು ಕೇಳಿ. ಯಾವ ಸೊಪ್ಪು, ಎಷ್ಟು ಪ್ರಮಾಣ, ಯಾರಿಗೆ ಕೂಡದು ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ, ಅವರ ಹೆಸರನ್ನೂ ಬರೆಯಿರಿ. ಅವರು ಹೋದ ಮೇಲೆ ಕೇಳಬೇಕೆಂದರೂ ಹೇಳುವವರಿರುವುದಿಲ್ಲ.

ಸರ್ವರಿಗೂ ಸನ್ಮಂಗಳವಾಗಲಿ.