ಶಿಲುಬೆ ಹಾದಿಯ ಹಾಡು ಮೆಟಲ್ ವೇದಿಕೆಯಲ್ಲಿ



ಸೊಲ್ಲಾಪುರವಿರಲಿ, ಅಕ್ಕಲಕೋಟೆಯಿರಲಿ, ಹುಡುಗರ ಮೊಬೈಲಿನಲ್ಲಿ ಮೆಟಲ್ ಸಂಗೀತ ಶುರುವಾದರೆ ಮನೆಯಲ್ಲಿ ಒಂದೇ ಮಾತು: ‘ಅದು ಸೈತಾನನ ಹಾಡು, ಬಂದ್ ಮಾಡಪಾ.’ ಎಲ್ಲ ಮೆಟಲ್ ಬಗ್ಗೆ ನಾವು ವಾದಕ್ಕಿಳಿಯುವುದಿಲ್ಲ. ಆದರೆ ಸಿಂಫನಿಕ್ ಮೆಟಲ್‌ನ ಬೇರು ಹುಡುಕುತ್ತ ಹೋದರೆ ದೇವಾಲಯದ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿ ಮಾಡುವಾಗ ವ್ಯಾಕುಲಮಾತೆಯ ಹಾಡು ಹಾಡುತ್ತೇವಲ್ಲ, ಅದರ ಹಿಂದಿರುವುದು ‘ಸ್ತಾಬಾತ್ ಮಾತೆರ್’ ಎಂಬ ಮಧ್ಯಯುಗದ ಲ್ಯಾಟಿನ್ ಗೀತೆ. ಇಟಲಿಯ ಪೆರ್ಗೊಲೆಸಿ 1736ರಲ್ಲಿ ಅದಕ್ಕೆ ಸಂಗೀತ ಬರೆದ. ಅದೇ ವರ್ಷ ತೀರಿಕೊಂಡ. ಆಗ ಅವನಿಗೆ 26, ನಮ್ಮದೇ ವಯಸ್ಸು! ಹಿಂದೆ ಮೃತರ ಬಲಿಪೂಜೆಯಲ್ಲಿ ಹಾಡುತ್ತಿದ್ದ ‘ದಿಯೆಸ್ ಇರೇ’, ಅಂದರೆ ನ್ಯಾಯತೀರ್ಪಿನ ದಿನದ ಹಾಡು, 1874ರಲ್ಲಿ ವೆರ್ದಿಯ ಕೈಯಲ್ಲಿ ಗುಡುಗಿತು. ಅವನ ಡ್ರಮ್ಮಿನ ಪೆಟ್ಟು ಕೇಳಿದವರು ಮೆಟಲ್‌ನ ಸದ್ದಿಗೆ ಬೆಚ್ಚುವುದಿಲ್ಲ.

ಈ ಎರಡೂ ಹಾಡುಗಳು 2008ರಲ್ಲಿ ಒಂದೇ ವೇದಿಕೆಗೆ ಬಂದವು. ಹಂಗೆರಿಯ ಮಿಷ್ಕೋಲ್ತ್ಸ್ ಊರಿನಲ್ಲಿ ನೆದರ್‌ಲೆಂಡ್ಸ್‌ನ ಎಪಿಕಾ ಬ್ಯಾಂಡ್ ವಾದ್ಯವೃಂದ, ಗಾನವೃಂದಗಳನ್ನು ಕೂಡಿಸಿಕೊಂಡು ತನ್ನ ಹಾಡುಗಳ ನಡುವೆಯೇ ಇವನ್ನು ನುಡಿಸಿತು.

ಅಲ್ಲಿಯವರೆಗಿನ ದಾರಿ ಚಿಕ್ಕದಲ್ಲ. 1969ರಲ್ಲಿ ಡೀಪ್ ಪರ್ಪಲ್ ಬ್ಯಾಂಡ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ನುಡಿಸಿತ್ತು. ಆ ಕೃತಿ ಬರೆದ ಜಾನ್ ಲಾರ್ಡ್ ಆರ್ಗನ್ ವಾದಕ. 1996ರಲ್ಲಿ ಫಿನ್‌ಲೆಂಡಿನ ಕಿಟೆ ಎಂಬ ಸಣ್ಣ ಊರಲ್ಲಿ ನೈಟ್‌ವಿಶ್ ಹುಟ್ಟಿತು. ಅದರ ಗಾಯಕಿ ತಾರ್ಯಾ ತುರುನೆನ್ ಶಾಸ್ತ್ರೀಯ ಗಾಯನ ಕಲಿತವರು. ಮುಂದೆ ಬ್ಯಾಂಡಿನಿಂದ ಹೊರಬಂದ ಮೇಲೆ ‘ಆವೆ ಮರಿಯಾ’ ಗೀತೆಗಳದ್ದೇ ಒಂದು ಆಲ್ಬಮ್ಮನ್ನು ಚರ್ಚಿನಲ್ಲಿ ಧ್ವನಿಮುದ್ರಿಸಿದರು. ಎಪಿಕಾ ಶುರುವಾದದ್ದು 2002ರಲ್ಲಿ.

ಗಿಟಾರಿನ ಆ ಒರಟು ಸದ್ದಿಗೂ ಗಾನವೃಂದಕ್ಕೂ ಹೇಗೆ ಹೊಂದುತ್ತದೆ? ಭಜನೆಯ ತಂಬೂರಿ ಕೇಳಿದವರಿಗೆ ಉತ್ತರ ಅರ್ಧ ಗೊತ್ತೇ ಇದೆ. ಮೆಟಲ್ ಗಿಟಾರ್ ಹೆಚ್ಚಾಗಿ ಹಿಡಿಯುವುದು ಬರೇ ಸ ಮತ್ತು ಪ. ಎರಡರ ಕಂಪನಾಂಕ 2:3ರ ಪ್ರಮಾಣದಲ್ಲಿರುವುದರಿಂದ ಸದ್ದನ್ನು ಎಷ್ಟು ಒಡೆದರೂ ಹುಟ್ಟುವ ಹೊಸ ಸ್ವರಗಳು ಹೊಂದಿಕೊಳ್ಳುತ್ತವೆ. ನಡುವೆ ಗಾಂಧಾರ ಸೇರಿಸಿದರೆ ಎಲ್ಲ ಕಲಸಿಹೋಗುತ್ತದೆ. ಹಾಗಾಗಿ ಗಾಂಧಾರವನ್ನು ಗಾನವೃಂದಕ್ಕೋ ಪಿಟೀಲಿಗೋ ಬಿಟ್ಟುಕೊಡಬಹುದು. (ಬಿಎಸ್ಸಿ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ!)

ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ನಮಗೆ ಸಿಗುವ ದೊಡ್ಡ ಮೆಟಲ್ ಊರು ಬೆಂಗಳೂರು. ಅಲ್ಲಿಯ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದವು. ಮೆಟಾಲಿಕಾ 1999ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊ ಸಿಂಫನಿಯೊಂದಿಗೆ ಕಛೇರಿ ಕೊಟ್ಟಿತ್ತು.

ಇಷ್ಟು ಹೇಳಿ, ‘ನೋಡಿ, ಎಲ್ಲ ನಮ್ಮದೇ ಸಂಗೀತ’ ಎಂದು ನಿಲ್ಲಿಸಿದರೆ ಅದು ಪ್ರಾಮಾಣಿಕವಲ್ಲ. ಎಪಿಕಾದ ಮೊದಲ ಆಲ್ಬಮ್ಮಿನಲ್ಲಿ, 2003ರಲ್ಲಿ, ‘ಕ್ರೈ ಫಾರ್ ದ ಮೂನ್’ ಎಂಬ ಹಾಡಿದೆ. ಗುರುಗಳಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ವಿಷಯ ಅದು. ಹಿನ್ನೆಲೆಯಲ್ಲಿ ಗಾನವೃಂದವೂ ಇದೆ. ಚರ್ಚಿನಿಂದ ಬಂದ ನಾದವೇ ಚರ್ಚನ್ನು ಪ್ರಶ್ನಿಸುತ್ತದೆ. ನಮಗೆ ಅದು ಸೈತಾನನ ಮಾತಾಗಿ ಕೇಳಿಸಲಿಲ್ಲ. ಆ ಮಕ್ಕಳಿಗೆ ಅನ್ಯಾಯವಾದದ್ದು ನಿಜ, ಸಂತ ಪಾಪುಗಳೂ ಅದಕ್ಕೆ ಕ್ಷಮೆ ಕೇಳಿದ್ದಾರೆ. ಇಯರ್‌ಫೋನ್ ಕಿತ್ತುಕೊಂಡರೆ ಹುಡುಗರು ಇಂಥ ಹಾಡನ್ನು ಒಬ್ಬರೇ ಕೂತು ಕೇಳುತ್ತಾರೆ, ಮನಸ್ಸಿನಲ್ಲೆದ್ದ ಪ್ರಶ್ನೆಯನ್ನು ಯಾರಿಗೂ ಹೇಳುವುದಿಲ್ಲ.

ಮುಂದಿನ ಯುವಸಭೆಗೆ ಪೆರ್ಗೊಲೆಸಿಯ ಹಾಡನ್ನೂ ಈ ಹಾಡನ್ನೂ ತರುತ್ತೇವೆ, ಸಾಹಿತ್ಯದ ಅರ್ಥ ಕನ್ನಡದಲ್ಲಿ ಬರೆದುಕೊಂಡು. ಪಾಲಕರೂ ಬನ್ನಿ. ಸ್ಪೀಕರಿನ ಸದ್ದು ಎಷ್ಟಿರಬೇಕೆಂದು ನೀವೇ ಹೇಳಿ.