ಒಣಗಿದ್ದೋ, ಬದಲಾಗಿದ್ದೋ? ಹುಣಸೂರು ಸೀಮೆಯ ‘ಹದ’ದ ಕಥೆ

ಮಳೆಗಾಲದ ನಡುವೆ ಹುಣಸೂರು, ಪಿರಿಯಾಪಟ್ಟಣದ ಕಡೆ ಬಸ್ಸಿನಲ್ಲಿ ಹೋದವರಿಗೆ ಈ ನೋಟ ಹೊಸದಲ್ಲ. ಹೊಲದ ಅಂಚಿನಲ್ಲಿ ಎರಡಾಳೆತ್ತರದ ಮುಚ್ಚಿದ ಕಟ್ಟಡ, ಪಕ್ಕದಲ್ಲಿ ಸೌದೆಯ ರಾಶಿ, ಒಲೆಯ ಬಾಯಲ್ಲಿ ಹಗಲೂ ರಾತ್ರಿ ಆರದ ಬೆಂಕಿ. ಇದು ಹೊಗೆಸೊಪ್ಪಿನ ಬ್ಯಾರನ್. ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲೂ ಇಂಥವು ಉಂಟು.

ಒಳಗೆ ಏನು ನಡೆಯುತ್ತದೆ? ದಾರಿಹೋಕರನ್ನು ಕೇಳಿದರೆ ‘ಸೊಪ್ಪು ಒಣಗಿಸ್ತಾರೆ’ ಎನ್ನುತ್ತಾರೆ. ಬೆಳೆಗಾರರನ್ನು ಕೇಳಿದರೆ ‘ಬೇಯಿಸ್ತೀವಿ’ ಎನ್ನುತ್ತಾರೆ. ಸರ್ಕಾರಿ ಕಾಗದಗಳು ‘ಹದಗೊಳಿಸುವಿಕೆ’ ಎನ್ನುತ್ತವೆ. ಮೂರು ಮಾತುಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ. ಬರೀ ಒಣಗಿಸುವುದೇ ಆಗಿದ್ದರೆ ಐದಾರು ದಿನ ನಿದ್ದೆಗೆಟ್ಟು ಕಾಯಬೇಕಾಗಿರಲಿಲ್ಲ. ಬೆಂಕಿ ಜೋರು ಮಾಡಿದರೆ ಬೇಗ ಮುಗಿಯುತ್ತಿತ್ತು. ಹಾಗೆ ಮಾಡಿದವನ ಸೊಪ್ಪು ಹರಾಜಿನಲ್ಲಿ ಬೆಲೆ ಕಾಣುವುದಿಲ್ಲ. ಪ್ರೌಢಶಾಲೆಯ ವಿಜ್ಞಾನ ಪುಸ್ತಕದ ‘ಭೌತ ಬದಲಾವಣೆ, ರಾಸಾಯನಿಕ ಬದಲಾವಣೆ’ ಎಂಬ ಪಾಠ ಇಲ್ಲಿ ಒಂದು ಕುಟುಂಬದ ವರ್ಷದ ಗಳಿಕೆಯನ್ನೇ ತೀರ್ಮಾನಿಸುತ್ತದೆ.

ಆ ಪಾಠವನ್ನು ನಾವೆಲ್ಲ ಓದಿದ್ದೇವೆ. ಮೇಣ ಕರಗುವುದು ಭೌತ, ಬತ್ತಿ ಉರಿಯುವುದು ರಾಸಾಯನಿಕ. ಹಿಂದಕ್ಕೆ ತರಬಹುದಾದದ್ದು ಭೌತ, ತರಲಾಗದ್ದು ರಾಸಾಯನಿಕ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಇಷ್ಟು ಸಾಕಾಗಿತ್ತು. ಆದರೆ ಈ ಎರಡನೆಯ ಸೂತ್ರ ಅಡುಗೆಮನೆಯಲ್ಲೇ ಮುಗ್ಗರಿಸುತ್ತದೆ. ರಾಗಿಯನ್ನು ಬೀಸಿ ಹಿಟ್ಟು ಮಾಡಿದ ಮೇಲೆ ಕಾಳಾಗಿಸುವವರು ಯಾರು? ಆದರೂ ಅದು ಭೌತ ಬದಲಾವಣೆಯೇ. ಹಿಟ್ಟಿನಲ್ಲಿರುವುದೂ ಅದೇ ರಾಗಿ. ಇನ್ನು ಅರಿಸಿನಕ್ಕೆ ಚಿಟಿಕೆ ಸುಣ್ಣ ಬೆರೆಸಿ ನೋಡಿ, ಕೆಂಪಾಗುತ್ತದೆ. ಮದುವೆಮನೆಯ ಓಕುಳಿ ನೀರಿನ ಬಣ್ಣ ಅದೇ. ಇದು ರಾಸಾಯನಿಕ ಬದಲಾವಣೆ. ಆದರೆ ಆ ಕೆಂಪು ನೀರಿಗೆ ನಿಂಬೆಹಣ್ಣು ಹಿಂಡಿದರೆ ಹಳದಿ ಮತ್ತೆ ಹಾಜರ್! ಹಿಂದಕ್ಕೆ ಬಂತೋ ಇಲ್ಲವೋ ಎಂಬುದಕ್ಕಿಂತ, ಹೊಸ ವಸ್ತುವೊಂದು ಹುಟ್ಟಿತೇ ಎಂದು ಕೇಳುವುದೇ ಸರಿಯಾದ ಪ್ರಶ್ನೆ.

ಹುಣಸೂರಿನ ಚರಿತ್ರೆಯಲ್ಲಿ ಈ ಪ್ರಶ್ನೆ ಹೊಗೆಸೊಪ್ಪಿಗಿಂತ ಹಳೆಯದು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ (1673–1704) ಅರಮನೆಯ ದನಕರುಗಳಿಗೆಂದು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಅದಕ್ಕೆ ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಹೆಸರಿಟ್ಟ. ಫಿರಂಗಿ, ಸಾಮಾನು ಎಳೆಯುವ ಗಟ್ಟಿ ಎತ್ತುಗಳಿಗಾಗಿ ಬ್ರಿಟಿಷರೂ ಈ ತಳಿಯನ್ನು ಬಿಡಲಿಲ್ಲ. ಅವರ ಕಾಲದಲ್ಲಿ ಅಮೃತಮಹಲ್‌ನ ಮುಖ್ಯ ಠಾಣ್ಯವಾಗಿದ್ದದ್ದು ಹುಣಸೂರು. ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲೇ ಒಂದು ಪಾಠವಿದೆ ಎನ್ನಬಹುದು. ಹಾಲು ಮೊಸರಾಗುವುದು ರಾಸಾಯನಿಕ. ಹಾಲಿನ ಸಕ್ಕರೆ ಹುಳಿಯಾಗಿ ಮಾರ್ಪಡುತ್ತದೆ. ಮೊಸರು ಕಡೆದು ಬೆಣ್ಣೆ ತೆಗೆಯುವುದು ಭೌತ. ಇದ್ದ ಜಿಡ್ಡು ಒಟ್ಟುಗೂಡಿ ಮೇಲೆ ಬರುತ್ತದೆ, ಅಷ್ಟೆ. ಬೆಣ್ಣೆ ಕಾಯಿಸಿ ತುಪ್ಪ ಮಾಡುವಾಗ ನೀರು ಹೋಗುವುದು ಭೌತ, ತಳದ ಗಸಿ ಕೆಂಪಾಗಿ ಘಮ್ಮೆನ್ನುವುದು ರಾಸಾಯನಿಕ.

ಅದೇ ಹುಣಸೂರಿನಲ್ಲಿ 1864ರವರೆಗೆ ಸೈನ್ಯದ ಸರಬರಾಜು ಇಲಾಖೆಯ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಕೋಠಿ ಇದ್ದವು. ಬೂಟು, ಬೆನ್ನುಚೀಲಗಳು ಇಲ್ಲಿ ತಯಾರಾಗುತ್ತಿದ್ದವು. ಕಾರ್ಖಾನೆ ಮುಚ್ಚಿದ ಮೇಲೂ ಕಸುಬು ಕಲಿತವರು ಊರಿನಲ್ಲೇ ಉಳಿದರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ.

ಹಸಿ ಚರ್ಮವನ್ನು ಬಿಸಿಲಿಗೆ ಹಾಕಿದರೆ ಸೆಟೆದು ಹಲಗೆಯಂತಾಗುತ್ತದೆ. ನೀರಿಗೆ ಹಾಕಿದರೆ ಮತ್ತೆ ಹಸಿಯಾಗುತ್ತದೆ, ನಾಲ್ಕು ದಿನ ಬಿಟ್ಟರೆ ಕೊಳೆಯುತ್ತದೆ. ಹೋದದ್ದು ನೀರು ಮಾತ್ರ. ಅದೇ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ತೊಗಟೆಯ ಕಷಾಯದಲ್ಲಿ ದಿನಗಟ್ಟಲೆ ಇಟ್ಟರೆ ಅದು ಬೇರೆಯೇ ವಸ್ತು. ತೊಗಟೆಯ ಒಗರು, ಅಂದರೆ ಟ್ಯಾನಿನ್, ಚರ್ಮದ ಪ್ರೋಟೀನನ್ನು ಹಿಡಿದುಕೊಂಡುಬಿಡುತ್ತದೆ. ಮತ್ತೆ ನೆನೆದರೂ ಅದು ಸುಲಭಕ್ಕೆ ಕೊಳೆಯದು. ದಕ್ಷಿಣ ಭಾರತದ ಚಮ್ಮಾರರು ಇದಕ್ಕೆ ಬಳಸುತ್ತಿದ್ದದ್ದು ಹೊಲದ ಬದುವಿನ ತಂಗಡಿ ಗಿಡದ ತೊಗಟೆ. ಇಂಗ್ಲೆಂಡಿನ ಹಂಫ್ರಿ ಡೇವಿ 1803ರಲ್ಲಿ ಒಗರು ಸಸ್ಯಗಳ ಮೇಲೆ ಪ್ರಯೋಗ ಮಾಡಿದಾಗ ಪರೀಕ್ಷಿಸಿದ ಸರಕುಗಳಲ್ಲಿ ಮುಂಬಯಿ ಮತ್ತು ಬಂಗಾಳದ ಕಾಚು ಕೂಡ ಇತ್ತು. ನಾವು ಎಲೆ ಅಡಿಕೆಗೆ ಹಾಕುತ್ತೇವಲ್ಲ, ಅದೇ! ವಿದ್ವಾಂಸರಿಗೆ ಮೊದಲೇ ಈ ಕಸುಬು ತಿಳಿದಿದ್ದವರನ್ನು ಊರು ಹೊರಗಿಟ್ಟಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಮತ್ತೆ ಬ್ಯಾರನ್‌ಗೆ ಬರೋಣ. ಹೊಗೆಸೊಪ್ಪು ಎಂಬ ಹೆಸರಿದ್ದರೂ ಇಲ್ಲಿ ಹೊಗೆ ಎಲೆಯನ್ನು ಮುಟ್ಟುವುದೇ ಇಲ್ಲ. ಒಲೆಯ ಬಿಸಿ ನೆಲದ ಮೇಲಿನ ತಗಡಿನ ಕೊಳವೆಗಳಲ್ಲಿ ಸುತ್ತಿ, ಹೊಗೆ ಚಿಮಣಿಯಿಂದ ಹೊರಕ್ಕೆ ಹೋಗುತ್ತದೆ. ಮೇಲೆ ಅಂತಸ್ತು ಅಂತಸ್ತಾಗಿ ಕಡ್ಡಿಗಳಿಗೆ ಕಟ್ಟಿದ ಎಲೆಗಳು.

ಮೊದಲ ಒಂದೆರಡು ದಿನ ಬಿಸಿ ಸುಮಾರು 32ರಿಂದ 38 ಡಿಗ್ರಿ ಸೆಲ್ಸಿಯಸ್ ಮಾತ್ರ, ಒಳಗೆ ತೇವ ಇರಲೇಬೇಕು. ಏಕೆಂದರೆ ಕೊಯ್ದ ಎಲೆ ಇನ್ನೂ ಸತ್ತಿರುವುದಿಲ್ಲ. ಅದರ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿರುತ್ತವೆ; ಪತ್ರಹರಿತು ಕರಗಿ, ಮೊದಲಿನಿಂದಲೂ ಅಡಗಿದ್ದ ಹಳದಿ ಬಣ್ಣ ಹೊರಬೀಳುತ್ತದೆ. ಪೂರ್ತಿ ಹಳದಿಯಾದ ಮೇಲೆಯೇ ಬಿಸಿ ಏರಿಸಿ ಎಲೆಯನ್ನು, ಕಡೆಗೆ 70 ಡಿಗ್ರಿ ಆಸುಪಾಸಿನಲ್ಲಿ ನಡುದಂಟನ್ನು ಒಣಗಿಸುತ್ತಾರೆ. ಅಂದರೆ ಮೊದಲ ಘಟ್ಟ ಮುಖ್ಯವಾಗಿ ರಾಸಾಯನಿಕ, ನಂತರದ್ದು ಬಹುಮಟ್ಟಿಗೆ ಭೌತ. ಅವಸರಕ್ಕೆ ಬಿಸಿ ಏರಿಸಿದರೆ ಕಿಣ್ವಗಳು ಸಾಯುತ್ತವೆ, ಎಲೆ ಹಸಿರಾಗಿಯೇ ಒಣಗುತ್ತದೆ. ತಡ ಮಾಡಿದರೆ ಬದಲಾವಣೆ ಮುಂದುವರಿದು ಎಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಮಧ್ಯರಾತ್ರಿ ಒಳಗೆ ಹೋಗಿ ಎಲೆ ಮುಟ್ಟಿ ನೋಡಿ ‘ಇನ್ನೊಂದು ಜಾವ ಇರಲಿ’ ಎನ್ನುವ ರೈತ ರಸಾಯನಶಾಸ್ತ್ರದ ತೀರ್ಪನ್ನೇ ಕೊಡುತ್ತಿದ್ದಾನೆ.

ಈ ಹೊಂಬಣ್ಣದ ಸೊಪ್ಪಿನ ಮೂಲಕ್ಕೂ ಒಂದು ಕಥೆ ಇದೆ. ಅಮೆರಿಕದ ಉತ್ತರ ಕೆರೊಲಿನಾದಲ್ಲಿ 1839ರಲ್ಲಿ ಸ್ಟೀಫನ್ ಎಂಬ ಗುಲಾಮ ಯುವಕ ಬೆಂಕಿ ಕಾಯುತ್ತಾ ನಿದ್ದೆಹೋದನಂತೆ. ಎಚ್ಚರವಾದಾಗ ಬೆಂಕಿ ಆರುತ್ತಿತ್ತು. ಗಾಬರಿಯಿಂದ ಕುಲುಮೆಯ ಇದ್ದಿಲು ತಂದು ಸುರಿದ. ಆ ಥಟ್ಟನೆಯ ಒಣ ಬಿಸಿಗೆ ಎಲೆ ಹೊಳೆವ ಹಳದಿಯಾಯಿತು. ಲಾಭ ಆದದ್ದು ಒಡೆಯನಿಗೆ. ಇದ್ದಿಲಿನ ಬದಲು ಕೊಳವೆಯ ಬಿಸಿ ಬಂದದ್ದು ಆಮೇಲೆ. ನಮ್ಮಲ್ಲಿ ತಂಬಾಕು ಮಂಡಳಿ 1976ರಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ 1984ರಿಂದ ಹರಾಜು ಪದ್ಧತಿ ಬಂತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದಂಥ ಊರುಗಳ ಹೆಸರು ಸಿಗರೇಟು ಕಂಪನಿಗಳ ಪಟ್ಟಿ ಸೇರಿದ್ದು ಹೀಗೆ.

ತರಗತಿಯಲ್ಲಿ ಇದನ್ನು ತೋರಿಸಲು ಹೊಗೆಸೊಪ್ಪು ಬೇಡ. ಹಸಿ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆ. ದಾಸವಾಳದ ಎಲೆ ಸಾಕು. ಎಲೆಗೆ ಹಚ್ಚುವ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಿ. (ಕಣ್ಣಿಗೆ ಸಿಡಿಯದಂತೆ ಮೇಷ್ಟ್ರೇ ಮಾಡುವುದು ಒಳ್ಳೆಯದು.) ಎರಡು ಅಗಲಬಾಯಿ ಬಾಟಲಿಗಳಲ್ಲಿ ಒಂದೊಂದು ಪುಟ್ಟ ಬಟ್ಟಲು ತಿಳಿ ಇಡಿ. ಒಂದಕ್ಕೆ ಹಸಿ ಎಲೆಗಳು, ಇನ್ನೊಂದಕ್ಕೆ ಕುದಿನೀರಿನಲ್ಲಿ ಅದ್ದಿ ಆರಿಸಿದ ಎಲೆಗಳು. ಬಿಗಿಯಾಗಿ ಮುಚ್ಚಿ ಕತ್ತಲಲ್ಲಿ ಇಟ್ಟು ಬೆಳಿಗ್ಗೆ ನೋಡಿದರೆ ಹಸಿ ಎಲೆಯ ಬಾಟಲಿಯ ತಿಳಿ ಹಾಲಿನಂತೆ ಕದಡಿರುತ್ತದೆ. ಎಲೆ ತನ್ನ ಸಕ್ಕರೆಯನ್ನೇ ಉಪಯೋಗಿಸಿ ಬಿಟ್ಟ ಇಂಗಾಲದ ಡೈ ಆಕ್ಸೈಡ್ ಅದಕ್ಕೆ ಕಾರಣ. ಕುದಿನೀರು ಕಂಡ ಎಲೆಯದ್ದು ಹೆಚ್ಚುಕಡಿಮೆ ತಿಳಿಯಾಗಿಯೇ ಉಳಿಯುತ್ತದೆ. ಅವಸರದ ಬೆಂಕಿಯಿಂದ ಬ್ಯಾರನ್‌ನಲ್ಲಿ ಆಗುವ ನಷ್ಟವನ್ನು ಮಕ್ಕಳು ಒಂದು ಬಾಟಲಿಯಲ್ಲಿ ಕಾಣಬಹುದು.

ಇನ್ನೊಂದು ಪ್ರಯೋಗ ಅವರ ಅಪ್ಪ ಅಮ್ಮನ ಬೆರಳಿನಲ್ಲೇ ಇದೆ. ಮೈಸೂರಿನಲ್ಲಿ 1937ರಲ್ಲಿ ಆರಂಭವಾದ ಅರಗು ಮತ್ತು ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಮತದಾನದ ಶಾಯಿ ಒದಗಿಸುತ್ತಾ ಬಂದಿದೆ. ಬರೆಯುವ ಶಾಯಿ ಸೋಪಿಗೆ ಹೋಗುತ್ತದೆ. ಇದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಹೊಸ ವಸ್ತುವಾಗಿ, ಬೆಳಕಿಗೆ ಕಪ್ಪಾಗುತ್ತದೆ. ಹಳೆಯ ಚರ್ಮ ಉದುರುವವರೆಗೆ ಅದು ಹೋಗದು.

ಕೊನೆಗೆ ಸೌದೆಯ ಮಾತು. ಒಂದು ಕಿಲೋ ಸೊಪ್ಪು ಹದವಾಗಲು ನಾಲ್ಕೈದು ಕಿಲೋ ಸೌದೆ ಬೇಕೆಂದು ಲೆಕ್ಕ ಹೇಳುತ್ತಾರೆ. ಹುಣಸೂರು, ಕೋಟೆ ತಾಲ್ಲೂಕುಗಳ ಮಗ್ಗುಲಲ್ಲೇ ನಾಗರಹೊಳೆ ಕಾಡು. ಒಲೆಯಿಂದ ಗೋರಿ ತೆಗೆದರೆ ಸಿಗುವ ಬೂದಿ ಸೌದೆಯ ಭಾರದ ಒಂದು ಸಣ್ಣ ಪಾಲು. ಉಳಿದದ್ದು ಎಲ್ಲಿ ಹೋಯಿತು? ಫ್ರಾನ್ಸಿನ ಲವಾಸಿಯೆ 1789ರ ತನ್ನ ಗ್ರಂಥದಲ್ಲಿ, ರಾಸಾಯನಿಕ ಕ್ರಿಯೆಯ ಮೊದಲೂ ಕೊನೆಗೂ ವಸ್ತುವಿನ ಒಟ್ಟು ಮೊತ್ತ ಅಷ್ಟೇ ಇರುತ್ತದೆ ಎಂದು ಬರೆದ. ಚಿಮಣಿಯಿಂದ ಮೇಲೇರಿದ ಅನಿಲ, ಆವಿಗಳನ್ನು ಹಿಡಿದು ತೂಗಿದರೆ ಕಾಣೆಯಾದ ಸೌದೆಯ ಭಾರವಷ್ಟೂ ಸಿಗುತ್ತದೆ. ಉರಿಯಲು ಗಾಳಿಯಿಂದ ಪಡೆದ ಆಮ್ಲಜನಕವೂ ಸೇರುವುದರಿಂದ ತಕ್ಕಡಿ ಇನ್ನಷ್ಟು ಕೆಳಗೇ ಇಳಿಯುತ್ತದೆ.